ಎಂಬತ್ತೆಂಟು ಸಾವಿರದ ಊರು, ತೊಂಬತ್ತು ಸಾವಿರ ನೆಂಟರು

ಕೋರ್ಟಿನ ಆದೇಶಗಳಲ್ಲಿ ಬೆರಗು ಹುಡುಕುವ ಚಟ ಯಾರಿಗೂ ಇರಲಿಕ್ಕಿಲ್ಲ. ಆದರೂ 2024ರ ಏಪ್ರಿಲ್ ಕೊನೆಯಲ್ಲಿ ಮದ್ರಾಸ್ ಹೈಕೋರ್ಟ್ ನೀಲಗಿರಿ ಜಿಲ್ಲೆಯ ಬಗ್ಗೆ ಕೊಟ್ಟ ಆದೇಶದ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20,000 ವಾಹನಗಳು ಬೆಟ್ಟ ಹತ್ತುತ್ತಿವೆ ಎಂಬ ವರದಿ ನ್ಯಾಯಾಲಯದ ಮುಂದಿತ್ತು. ಅವುಗಳಲ್ಲಿ ಕಾರುಗಳು ಹತ್ತಿರ ಹತ್ತಿರ 11,500. ವ್ಯಾನುಗಳು 1,300, ಬಸ್ಸುಗಳು 600ರ ಮೇಲೆ, ಬೈಕುಗಳು 6,500.

ವಾಹನದ ಲೆಕ್ಕ ಅಲ್ಲಿಗೆ ಮುಗಿಯಿತು. ಒಳಗೆ ಕೂತವರ ಲೆಕ್ಕ ನಾವು ಮಾಡೋಣ. ಕಾರಿಗೆ ನಾಲ್ಕು ಜನ ಎಂದರೆ 46,000. ವ್ಯಾನಿಗೆ ಹತ್ತು ಎಂದರೆ 13,000. ಬಸ್ಸಿಗೆ ನಲವತ್ತರಂತೆ 24,000. ಬೈಕಿಗೆ ಒಂದೂವರೆ ತಲೆಯಂತೆ ಹತ್ತು ಸಾವಿರ. ಒಟ್ಟು 93,000. ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡಿ: 2011ರ ಜನಗಣತಿಯ ಪ್ರಕಾರ ಉದಕಮಂಡಲ, ಅಂದರೆ ಊಟಿ, ನಗರಸಭೆಯ ಜನಸಂಖ್ಯೆ 88,430.

ಬಸ್ಸಿನಲ್ಲಿ ಕೂತವರೆಲ್ಲ ಪ್ರವಾಸಿಗರಲ್ಲ, ಬೈಕಿನವರಲ್ಲಿ ಕೂನೂರಿನ ಹುಡುಗರೂ ಇರುತ್ತಾರೆ, ಒಪ್ಪೋಣ. ಧಾರಾಳವಾಗಿ ಮೂರರಲ್ಲಿ ಒಂದು ಪಾಲು ಕಳೆದರೂ 62,000 ಉಳಿಯುತ್ತದೆ. ನೂರು ಮನೆಯ ಹಳ್ಳಿಗೆ ಒಂದೇ ದಿನ ಎಪ್ಪತ್ತು ಮನೆಯ ನೆಂಟರು ಗಂಟುಮೂಟೆ ಸಮೇತ ಬಂದಿಳಿದ ಹಾಗಾಯಿತು. ಬಂದವರಿಗೆ ರಾತ್ರಿ ಊಟ ಆಗಬೇಕು. ಊಟಕ್ಕೆ ಮೊದಲು ಏನಾದರೂ ನೋಡಬೇಕು, ಮಕ್ಕಳಿಗೆ ಏನಾದರೂ ಕೊಡಿಸಬೇಕು.

ಇಲ್ಲಿ ಊರಿನ ದಿನಚರಿ ಸ್ವಲ್ಪ ಕೈಕೊಡುತ್ತದೆ. ಊಟಿಯ ದೊಡ್ಡ ಆಕರ್ಷಣೆಗಳೆಲ್ಲ ಹಗಲಿನವು. 1848ರಲ್ಲಿ ತೋಟಗಾರ ಮ್ಯಾಕೈವರ್ ರೂಪಿಸತೊಡಗಿದ 55 ಎಕರೆಯ ಸಸ್ಯೋದ್ಯಾನ, 1820ರ ದಶಕದಲ್ಲಿ ಕಲೆಕ್ಟರ್ ಸಲಿವನ್ ಕಟ್ಟಿಸಿದ ಕೆರೆ, ಗುಲಾಬಿ ತೋಟ, 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ 38 ಎಕರೆಯ ಕರ್ನಾಟಕ ಸಿರಿ ತೋಟ, ಇವೆಲ್ಲ ಸಂಜೆ ಹೊತ್ತಿಗೆ ಬಾಗಿಲು ಹಾಕುತ್ತವೆ. ಅಷ್ಟೂ ಕಡೆ ಹರಡಿಕೊಂಡಿದ್ದ ಜನ ಒಂದು ಗಂಟೆಯೊಳಗೆ ಚೇರಿಂಗ್ ಕ್ರಾಸ್ ಮತ್ತು ಕಮರ್ಷಿಯಲ್ ರಸ್ತೆಗೆ ಬಂದು ಸುರಿಯುತ್ತಾರೆ. ನಿಧಾನಕ್ಕೆ ನಡೆದರೂ ಅರ್ಧ ಗಂಟೆಯಲ್ಲಿ ಮುಗಿಯುವ ರಸ್ತೆ ಅದು. ಸ್ವೆಟರ್ ಅಂಗಡಿ, ಚಾಕೊಲೇಟ್ ಅಂಗಡಿ, ನೀಲಗಿರಿ ತೈಲದ ಅಂಗಡಿ, ಮತ್ತೆ ಚಾಕೊಲೇಟ್ ಅಂಗಡಿ. ಬೇಕರಿಗಳಲ್ಲಿ ವರ್ಕಿ. ಸೌದೆ ಒಲೆಯಲ್ಲಿ ಬೆಂದ, ಪದರ ಪದರವಾಗಿ ಬಿಡುವ, ಕಚ್ಚಿದರೆ ಅರ್ಧ ಬಾಯಿಗೂ ಅರ್ಧ ಸ್ವೆಟರಿಗೂ ಹೋಗುವ ತಿಂಡಿ. ಚಹಾದಲ್ಲಿ ಅದ್ದಿ ತಿನ್ನುವುದು ಅದಕ್ಕೇ. ಮೇ ತಿಂಗಳಲ್ಲೂ ಸಂಜೆ ಏಳಕ್ಕೆ ಕಿವಿ ತಣ್ಣಗಾಗುವ ಊರಿನಲ್ಲಿ ಚಹಾ ಮತ್ತು ವರ್ಕಿ ಸೇರಿದರೆ ಮನರಂಜನೆಯ ಒಂದು ಅಂಕ ಮುಗಿದಂತೆ.

ಇದನ್ನು ಅಳೆಯಲು ಚೀನಾದ ಒಂದು ಊರನ್ನು ತಂದು ಪಕ್ಕದಲ್ಲಿ ನಿಲ್ಲಿಸಬಹುದು. ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್. ಸಮುದ್ರ ಮಟ್ಟದಿಂದ ಸುಮಾರು 1,890 ಮೀಟರ್, ಊಟಿಯ 2,240ಕ್ಕಿಂತ ಕೊಂಚ ತಗ್ಗು. ಸದಾ ವಸಂತದ ನಗರ ಎಂದೇ ಅದಕ್ಕೆ ಹೆಸರು. ಸುತ್ತಲೂ ಬೆಟ್ಟ, ಪ್ರಾಂತ್ಯದ ತುಂಬ ಚಹಾ, ಹಲವು ಬುಡಕಟ್ಟುಗಳು, ಹೂವಿನ ದೊಡ್ಡ ವ್ಯಾಪಾರ. ಇಲ್ಲಿಯವರೆಗೆ ಊಟಿಯ ಅಣ್ಣನೇ. ಆದರೆ ಜನಸಂಖ್ಯೆ 2020ರ ಗಣತಿಯಲ್ಲಿ 84 ಲಕ್ಷ ದಾಟಿದೆ, ಅಂದರೆ ತೊಂಬತ್ತೈದು ಊಟಿಗಳಷ್ಟು. ಅಲ್ಲಿಗೆ ಹೋದ ಪ್ರವಾಸಿಗನಿಗೆ ಸಂಜೆ ಆರಕ್ಕೆ ದಿನ ಮುಗಿಯುವುದಿಲ್ಲ, ಶುರುವಾಗುತ್ತದೆ. ನೃತ್ಯಗಾರ್ತಿ ಯಾಂಗ್ ಲಿಪಿಂಗ್ 2003ರಲ್ಲಿ ಅಲ್ಲಿ ರಂಗಕ್ಕೆ ತಂದ 'ಡೈನಾಮಿಕ್ ಯುನ್ನಾನ್' ಎಂಬ ಪ್ರದರ್ಶನದಲ್ಲಿ ಕುಣಿಯುತ್ತಿದ್ದವರು ಬಹುಪಾಲು ಹಳ್ಳಿಗಳಿಂದ ಬಂದ ಬುಡಕಟ್ಟು ಜನ. ಟಿಕೆಟ್ ಕೊಂಡು, ಮೆತ್ತನೆಯ ಕುರ್ಚಿಯಲ್ಲಿ ಕೂತು ಬೆಟ್ಟದ ಡೋಲು ಕೇಳುವ ಏರ್ಪಾಡು ಅದಾಗಿತ್ತು.

ನೀಲಗಿರಿಯಲ್ಲಿ ಕುಣಿತಕ್ಕೇನೂ ಬರವಿಲ್ಲ. ಬಡಗರ ಹಟ್ಟಿಯಲ್ಲಿ ಹೆತ್ತೆ ಹಬ್ಬದ ದಿನ ಬಿಳಿ ಬಟ್ಟೆಯುಟ್ಟು ವರ್ತುಲವಾಗಿ ಕುಣಿಯುವವರ ಜೊತೆ ಹೆಜ್ಜೆ ಹಾಕಿದವರಿಗೆ ಗೊತ್ತು, ಅದರ ಅರ್ಧ ರುಚಿ ಸುಸ್ತಿನಲ್ಲಿದೆ. ಆದರೆ ಅದು ಅವರ ಹಬ್ಬ, ನಮ್ಮ ಸಂಜೆಯ ಪ್ಯಾಕೇಜ್ ಅಲ್ಲ. ಪ್ರತಿ ರಾತ್ರಿ ಏಳಕ್ಕೆ ಟಿಕೆಟ್ ಹರಿದು ನೋಡುವಂತೆ ಅದನ್ನು ಯಾರೂ ದೊಡ್ಡ ರಂಗಮಂದಿರಕ್ಕೆ ತಂದಿಲ್ಲ. ತಾರದಿದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಅನಿಸಿಕೆ; ಹೋಟೆಲಿನವರು ಒಪ್ಪಲಿಕ್ಕಿಲ್ಲ.

ಈಗ ಗಾತ್ರದ ಮಾತು. ಚೀನಾದ ಸಂಖ್ಯೆ ಕೇಳಿದರೆ ನಮಗೆ ತಲೆ ತಿರುಗುವುದು ವಾಡಿಕೆ. 2024ರ ಹೊಸ ವರ್ಷದ ಮೂರು ದಿನ ರಜೆಯಲ್ಲಿ ಮಂಜಿನ ನಗರ ಹಾರ್ಬಿನ್‌ಗೆ 30 ಲಕ್ಷಕ್ಕೂ ಹೆಚ್ಚು ಜನ ನುಗ್ಗಿದರು. ಮೂವತ್ತು ಲಕ್ಷ! ಆದರೆ ಹಾರ್ಬಿನ್‌ನ ಸ್ವಂತ ಜನವೇ ಸುಮಾರು ಒಂದು ಕೋಟಿ. ಭಾಗಿಸಿ ನೋಡಿದರೆ ದಿನಕ್ಕೆ ಹತ್ತು ಜನ ಊರವರಿಗೆ ಒಬ್ಬ ನೆಂಟ. ಊಟಿಯ ಏಪ್ರಿಲ್ ದಿನದಲ್ಲಿ ಹತ್ತು ಜನ ಊರವರಿಗೆ ಏಳು ನೆಂಟರು, ಅದೂ ನಾವು ಮೂರನೆಯ ಒಂದು ಪಾಲು ಕಳೆದ ಮೇಲೆ. ನಿಜ, ಕೋರ್ಟಿನ ಮುಂದಿದ್ದ ವಾಹನಗಳ ಲೆಕ್ಕ ಇಡೀ ಜಿಲ್ಲೆಯದ್ದು. 7,35,394 ಜನರ ಜಿಲ್ಲೆಗೆ ಭಾಗಿಸಿದರೆ ಹಾರ್ಬಿನ್‌ನಂತೆಯೇ ಹತ್ತಕ್ಕೆ ಒಬ್ಬನ ಆಸುಪಾಸಿಗೆ ಇಳಿಯುತ್ತದೆ. ಆದರೆ ಅಷ್ಟಾದರೂ ಹಾರ್ಬಿನ್‌ಗೆ ಸಮ ಬಂತಲ್ಲ! ಅಲ್ಲಿ ಅದಕ್ಕೆ ಮೆಟ್ರೋ ಇದೆ, ಅಗಲ ಬೀದಿಗಳಿವೆ. ಇಲ್ಲಿ ಇರುವುದು ಘಾಟಿ ರಸ್ತೆ, ಮತ್ತು 1908ರಲ್ಲಿ ಊಟಿ ತಲುಪಿದ, 46 ಕಿ.ಮೀ. ದಾರಿಯಲ್ಲಿ 208 ತಿರುವು, 16 ಸುರಂಗ, 250 ಸೇತುವೆ ದಾಟಿ ಬರುವ ಪುಟ್ಟ ರೈಲು. ಮೇಲಾಗಿ ಪ್ರವಾಸಿಗ ಸಂಜೆ ಕೋಟಗಿರಿಯ ಚಹಾ ತೋಟದಲ್ಲಿ ಹರಡಿಕೊಳ್ಳುವುದಿಲ್ಲ; ಚೇರಿಂಗ್ ಕ್ರಾಸಿನಲ್ಲೇ ನಿಲ್ಲುತ್ತಾನೆ.

ಕೋರ್ಟಿಗೂ ಈ ಭಾಗಾಕಾರ ತಲೆಗೆ ಹತ್ತಿರಬೇಕು. 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಏಪ್ರಿಲ್ 1ರಿಂದ ಸೀಸನ್ನಿಗೆ ಮಿತಿಯೂ ಬಂತು: ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ಶನಿವಾರ ಭಾನುವಾರ 8,000. ನಾಲ್ಕು ನಾಲ್ಕು ಜನರಂತೆ 24,000, 32,000. ಸರ್ಕಾರಿ ಬಸ್ಸಿಗೂ ರೈಲಿಗೂ ಸ್ಥಳೀಯರ ಗಾಡಿಗೂ ಈ ಮಿತಿ ಇರಲಿಲ್ಲ.

ಆ ಚಿಕ್ಕ ಸಂಖ್ಯೆಯನ್ನೇ ಇಟ್ಟುಕೊಂಡು ಅಡುಗೆಮನೆಗೆ ಹೋಗೋಣ. ಒಬ್ಬರಿಗೆ ನೂರು ಗ್ರಾಂ ಅಕ್ಕಿ ಎಂದರೆ ಒಂದು ರಾತ್ರಿಗೆ 2,400 ಕಿಲೋ, ಇಪ್ಪತ್ತೈದು ಕಿಲೋದ 96 ಚೀಲ. ಊಟಿಯಲ್ಲಿ ಭತ್ತ ಬೆಳೆಯುವುದಿಲ್ಲ. ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು ಬೆಳೆಯುತ್ತದೆ. ಅಕ್ಕಿ ಬಯಲಿನಿಂದ ಹತ್ತಬೇಕು, ತರಕಾರಿ ಬಯಲಿಗೆ ಇಳಿಯಬೇಕು, ಎರಡು ಲಾರಿಗಳೂ ಒಂದೇ ಹೇರ್‌ಪಿನ್ ತಿರುವಿನಲ್ಲಿ ಎದುರಾಗಬೇಕು.

ಅಕ್ಕಿ ಬಂದ ಮೇಲೂ ಬೇಯುವುದಕ್ಕೆ ಹಟ ಮಾಡುತ್ತದೆ. 2,240 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲಿನಷ್ಟು. ಪ್ರತಿ ಮುನ್ನೂರು ಮೀಟರಿಗೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಊಟಿಯ ಪಾತ್ರೆಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕೊತಕೊತ ಎನ್ನುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದರ ಮೇಲೆ ಹತ್ತುವುದಿಲ್ಲ. ಹಬೆ ಹೋಗುತ್ತದೆ, ಬಿಸಿ ಏರುವುದಿಲ್ಲ. ಮೈಸೂರಿನ ಅಡುಗೆಯವನು ಅಲ್ಲಿ ಹೋಗಿ ತನ್ನ ಊರಿನ ಲೆಕ್ಕದಲ್ಲಿ ಬೇಳೆ ಇಟ್ಟರೆ ಬೇಳೆ ಕಲ್ಲಿನ ಹಾಗೇ ಕೂತಿರುತ್ತದೆ. ದೊಡ್ಡ ಹೋಟೆಲಾಗಲಿ, ರಸ್ತೆ ಬದಿಯ ಮೆಸ್ಸಾಗಲಿ, ಕುಕ್ಕರ್ ಇಲ್ಲದೆ ಅಲ್ಲಿ ಗತಿ ಇಲ್ಲ.

ಕುನ್ಮಿಂಗ್‌ನವರಿಗೂ ಇದೇ ತಾಪತ್ರಯ. ಅಲ್ಲಿ ನೀರು ಸುಮಾರು 94ಕ್ಕೆ ಕುದಿಯುತ್ತದೆ. ಅವರ ಹೆಸರಾಂತ ಊಟ 'ಸೇತುವೆ ದಾಟುವ ಶಾವಿಗೆ' ನೋಡಿ. ಅಗಲ ಬೋಗುಣಿಯಲ್ಲಿ ಕೋಳಿ ಸಾರು ತಂದಿಡುತ್ತಾರೆ. ಹಬೆಯೇ ಕಾಣುವುದಿಲ್ಲ, ತಣ್ಣಗಿದೆಯೇನೋ ಅನ್ನಿಸುತ್ತದೆ. ಮೇಲೆ ತೆಳ್ಳಗೆ ಕೋಳಿಯ ಕೊಬ್ಬಿನ ಪದರ ಇರುವುದರಿಂದ ಹಬೆ ಮೇಲೆ ಬರದೆ ಬಿಸಿಯೆಲ್ಲ ಒಳಗೇ ಉಳಿದಿರುತ್ತದೆ. ಕಾಗದದಷ್ಟು ತೆಳುವಾಗಿ ಕತ್ತರಿಸಿದ ಹಸಿ ಮಾಂಸ, ಸೊಪ್ಪು, ಕೊನೆಗೆ ಅಕ್ಕಿ ಶಾವಿಗೆ, ಒಂದೊಂದಾಗಿ ಜಾರಿಸಿದರೆ ಮೇಜಿನ ಮೇಲೇ ಬೇಯುತ್ತದೆ. ದ್ವೀಪದಲ್ಲಿ ಕೂತು ಓದುತ್ತಿದ್ದ ಗಂಡನಿಗೆ ಸೇತುವೆ ದಾಟಿ ಊಟ ಒಯ್ಯುತ್ತಿದ್ದ ಹೆಂಡತಿ ಕಂಡುಕೊಂಡ ಉಪಾಯ ಎಂದು ಕತೆ. ಕತೆ ಏನಾದರೂ ಇರಲಿ, ಬೆಟ್ಟದ ಮೇಲೆ ಬಿಸಿಯನ್ನು ಹಿಡಿದಿಡುವ ಬುದ್ಧಿ ಅದು.

ಎಣ್ಣೆಗೆ ಮಾತ್ರ ಎತ್ತರದ ಹಂಗಿಲ್ಲ. ಬಾಣಲೆಯ ಎಣ್ಣೆ ಊಟಿಯಲ್ಲೂ 170 ಡಿಗ್ರಿಗೆ ಕಾಯುತ್ತದೆ, ಮಂಗಳೂರಿನಲ್ಲೂ ಕಾಯುತ್ತದೆ. ಚೇರಿಂಗ್ ಕ್ರಾಸಿನ ಸುತ್ತಿನ ತಳ್ಳುಗಾಡಿಗಳಲ್ಲಿ ಸಂಜೆ ಏಳರ ಮೇಲೆ ಏನು ಹೆಚ್ಚು ಬೇಯುತ್ತದೆ ಎಂದು ನೋಡಿದರೆ ಉತ್ತರ ಅಲ್ಲೇ ಇದೆ: ಬಜ್ಜಿ, ಮತ್ತು ನಮ್ಮವರ ಪ್ರೀತಿಯ ಗೋಬಿ ಮಂಚೂರಿ. ಹೂಕೋಸಿನ ತುಂಡುಗಳನ್ನು ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ತಳ್ಳುಗಾಡಿಯವನು ಎಣ್ಣೆಗೆ ಬಿಡುತ್ತಾನೆ. ಒಳಗಿನ ನೀರು ಇಲ್ಲಿ ಬೇಗ ಹಬೆಯಾಗುವುದರಿಂದ ಬಾಣಲೆ ಜೋರಾಗಿ ಸದ್ದು ಮಾಡುತ್ತದೆ. ಜಾಲರಿಯಲ್ಲಿ ಎತ್ತಿ, ಪಕ್ಕದ ಬಾಣಲೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಸೋಯಾ ಸಾಸ್ ಜೊತೆ ನಾಲ್ಕು ಸಲ ಎಸೆದು ಹಿಡಿದು, ಈರುಳ್ಳಿ ಸೊಪ್ಪು ಉದುರಿಸಿ ಕೈಗೆ ಕೊಡುತ್ತಾನೆ. "ಎಷ್ಟು ಪ್ಲೇಟ್ ಸಾರ್? ಕಾರ ಜಾಸ್ತಿ ಮಾಡ್ಲಾ?" ಮಾತು ಕನ್ನಡದಲ್ಲೇ. ಕಾರಿನ ನಂಬರ್ ಪ್ಲೇಟಿನ ಮೇಲಿನ ಕೆ.ಎ. ನೋಡಿಯೇ ಭಾಷೆ ಬದಲಾಯಿಸುವ ವ್ಯಾಪಾರಿಗಳ ಊರು ಅದು.

ಚೀನಾದ ಹೆಸರು ಹೇಳಿಕೊಂಡು ಚೀನಾದಲ್ಲಿ ಯಾರೂ ಕೇಳದ ತಿಂಡಿ ಇದು. ಮೂಲ ಕೋಳಿ ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ, ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ನೆಲ್ಸನ್ ವಾಂಗ್ ಎಂಬವರ ಕೈಯಲ್ಲಿ. ಅದು ಹೂಕೋಸಿಗೆ ಇಳಿದು ನಮ್ಮ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡ್ ತನಕ ಬಂದು ಮುಟ್ಟಿದ ಮೇಲೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು.

ನಿಜವಾದ ಚೀನೀಯರು ನೀಲಗಿರಿಗೆ ಬಂದದ್ದು ಮಂಚೂರಿಯನ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, ಮತ್ತು ಪ್ರವಾಸಕ್ಕಲ್ಲ. 1860ರ ದಶಕದಲ್ಲಿ ನಡುವಟ್ಟಂನಲ್ಲಿ ಸರ್ಕಾರಿ ಸಿಂಕೋನಾ ತೋಟ ಎಬ್ಬಿಸಿದಾಗ ಕೂಲಿಗೆ ಕೈದಿಗಳನ್ನು ಹಚ್ಚಿದರು. ಮಲಕ್ಕಾ ಜಲಸಂಧಿಯ ಬ್ರಿಟಿಷ್ ವಸಾಹತುಗಳಲ್ಲಿ ಸೆರೆಮನೆ ಸಾಲದೆ ಮದ್ರಾಸಿಗೆ ಸಾಗಿಸಿದ್ದ ಚೀನೀ ಕೈದಿಗಳು ಅವರಲ್ಲಿದ್ದರು. ಜ್ವರದ ಮದ್ದಿನ ಮರಕ್ಕೆ ಗುಂಡಿ ತೋಡುವುದು ಅವರ ಶಿಕ್ಷೆ. 1867ರ ಮಳೆಗಾಲದ ಒಂದು ಬಿರುಗಾಳಿಯ ರಾತ್ರಿ ಕೆಲವರು ತಪ್ಪಿಸಿಕೊಂಡರು, ಹುಡುಕಲು ಹೋದ ಪೊಲೀಸರು ಹೆಣವಾಗಿ ಸಿಕ್ಕಿದರು ಎಂಬ ಭೀಕರ ಕತೆ 1908ರ ನೀಲಗಿರಿ ಗೆಜೆಟಿಯರಿನಲ್ಲಿದೆ. ಬಿಡುಗಡೆಯಾದವರಲ್ಲಿ ಕೆಲವರು ಊರಿಗೆ ಮರಳಲಿಲ್ಲ. ನಡುವಟ್ಟಂ ಮತ್ತು ಗೂಡಲೂರಿನ ನಡುವೆ ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ, ಒಂದಿಷ್ಟು ಕಾಫಿ, ಹಾಲು ಮಾರಿಕೊಂಡು ಬದುಕುತ್ತಿದ್ದ ಇಂಥ ಸಂಸಾರಗಳನ್ನು ಮಾನವಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ ಕಂಡು, ಪದ್ಧತಿಯಂತೆ ಅವರ ಮೂಗು ತಲೆಗಳನ್ನು ಅಳೆದು ಬರೆದುಕೊಂಡರು. ಅವರೇನು ಉಣ್ಣುತ್ತಿದ್ದರು ಎಂದು ಬರೆದಿದ್ದರೆ ನಮಗೆ ಹೆಚ್ಚು ಉಪಯೋಗವಾಗುತ್ತಿತ್ತು. ಕೈದಿಗಳನ್ನು ಇಟ್ಟಿದ್ದ ಸೆರೆಮನೆಯ ಕಟ್ಟಡ ನಡುವಟ್ಟಂನ ಸರ್ಕಾರಿ ಚಹಾ ಕಾರ್ಖಾನೆಯ ಬಳಿ ಈಗಲೂ ಇದೆ. ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಊಟಿ ಪಟ್ಟಣದ ಚೀನೀ ಹೋಟೆಲಿನ ಕತೆ ಬೇರೆ. ಕಮಿಷನರ್ಸ್ ರಸ್ತೆಯ ಶಿಂಕೋಸ್ 1954ರಿಂದ ನಡೆಯುತ್ತಿದೆ. ಮಂಚೂರಿಯನ್ ಹುಟ್ಟುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ, 88,000 ಜನ ಆಗುವುದಕ್ಕೆ ಬಹಳ ಮೊದಲೇ, ಇಲ್ಲಿ ಒಂದು ಚೀನೀ ಕುಟುಂಬ ರಾತ್ರಿ ಊಟ ಬಡಿಸುತ್ತಿತ್ತು ಎನ್ನುವುದು ನನಗೆ ಚಹಾ ತೋಟದ ಎಲ್ಲ ಅಂಕಿಅಂಶಗಳಿಗಿಂತ ಹೆಚ್ಚು ಅಚ್ಚರಿಯದು.

ಹಳೆಯ ಊಟಿಯ ಸಂಜೆಗಳು ಇನ್ನೂ ಚಿಕ್ಕವು, ಇನ್ನೂ ದುಬಾರಿಯವು. 1870ರಿಂದ ಮದ್ರಾಸ್ ಸರ್ಕಾರ ಬೇಸಿಗೆಗೆ ಫೈಲುಗಳ ಸಮೇತ ಬೆಟ್ಟ ಹತ್ತುತ್ತಿತ್ತು. 1841ರಲ್ಲಿ ಶುರುವಾದ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲೇ ಸ್ನೂಕರ್ ಆಟದ ನಿಯಮಗಳು 1880ರ ದಶಕದಲ್ಲಿ ಗೋಡೆಗೆ ಹತ್ತಿದವು. ಆಟ ಹುಟ್ಟಿದ್ದು 1875ರಲ್ಲಿ ಜಬಲ್ಪುರದಲ್ಲಿ. ಒಂದಿಷ್ಟು ಚೆಂಡು, ಒಂದು ಮೇಜು, ನಾಲ್ಕಾರು ಅಧಿಕಾರಿಗಳು. ಇವತ್ತು ಜಗತ್ತೆಲ್ಲ ಟಿವಿಯಲ್ಲಿ ನೋಡುವ, ಚೀನಾದ ನಗರಗಳಲ್ಲಿ ದೊಡ್ಡ ಪಂದ್ಯಾವಳಿ ನಡೆಯುವ ಆಟ. ಅದರ ನಿಯಮಗಳು ಗೋಡೆಗೆ ಹತ್ತಿದ ಆ ಕೋಣೆಗೆ ಚೇರಿಂಗ್ ಕ್ರಾಸಿನ ತೊಂಬತ್ತು ಸಾವಿರ ಜನರಲ್ಲಿ ಯಾರಿಗೂ ಸುಮ್ಮನೆ ಪ್ರವೇಶವಿಲ್ಲ, ಸದಸ್ಯರಾಗಿರಬೇಕು. ಸದಸ್ಯರಲ್ಲದವರಿಗೆ ಅಸೆಂಬ್ಲಿ ರೂಮ್ಸ್ ಎಂಬ ಹಳೆಯ ಸಿನಿಮಾ ಮಂದಿರವಿದೆ.

ಹೀಗೆಲ್ಲ ಸಂಜೆ ಕಳೆಯುವುದಕ್ಕೆ ಕರ್ನಾಟಕದಿಂದ ಬಂದು ಅದೇ ದಿನ ಹಿಂದಿರುಗುವವನಿಗೆ ಸಮಯವೇ ಇರುವುದಿಲ್ಲ. ಕಾರಣ, ಒಂಬತ್ತರ ಗೇಟು. ಬಂಡೀಪುರ, ಮುದುಮಲೈ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೆ ಮತ್ತು ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ಹಿಂದಕ್ಕೆ ಎಣಿಸಿ ನೋಡಿ. ಊಟಿಯಿಂದ ಪೈಕಾರ, ನಡುವಟ್ಟಂ ದಾಟಿ ಗೂಡಲೂರಿಗೆ 50 ಕಿ.ಮೀ. ಘಾಟಿ. ಅಲ್ಲಿಂದ ತೊರಪಳ್ಳಿ ಚೆಕ್‌ಪೋಸ್ಟ್, ತೆಪ್ಪಕಾಡು, ಕೆಕ್ಕನಹಳ್ಳದ ಗಡಿ, ಬಂಡೀಪುರ, ಮೇಲುಕಾಮನಹಳ್ಳಿ. ಮಸಿನಗುಡಿಯ ಮೇಲೆ ಹೋದರೆ ಹತ್ತಿರ, ಆದರೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕು ಕಾದು ಉರುಳಿದ ಗಾಡಿಗಳ ದೆಸೆಯಿಂದ ಹೊರಗಿನ ವಾಹನಗಳು ಆ ಕಡೆ ಇಳಿಯುವುದಕ್ಕೆ ಬಿಡುವುದಿಲ್ಲ. ಸೀಸನ್ನಿನ ದಟ್ಟಣೆ ಸೇರಿಸಿದರೆ ಮೂರೂವರೆ ಗಂಟೆ. ಒಂಬತ್ತರೊಳಗೆ ಕಾಡು ದಾಟಬೇಕೆಂದರೆ ಐದೂವರೆಗೆ ಊಟಿ ಬಿಡಬೇಕು. ಕುನ್ಮಿಂಗ್‌ನಲ್ಲಿ ಸಂಜೆಯ ಪ್ರದರ್ಶನಕ್ಕೆ ಇನ್ನೂ ಟಿಕೆಟ್ ಕೌಂಟರಿನ ಮುಂದೆ ನಿಂತಿರುವ ಹೊತ್ತು ಅದು.

ಚೀನಾದಲ್ಲೂ ಜನರ ಸಂಜೆಗಾಗಿ ರಸ್ತೆ ಮುಚ್ಚುವುದುಂಟು, ಅರ್ಥ ಮಾತ್ರ ತಿರುಗುಮುರುಗು. ಚೊಂಗ್‌ಚಿಂಗ್ ನಗರದಲ್ಲಿ ಹೊಂಗ್ಯಾಡೊಂಗ್ ಎಂಬ, ನದಿಯ ದಡದ ಬಂಡೆಗೆ ಆತುಕೊಂಡ ಹನ್ನೊಂದು ಅಂತಸ್ತಿನ ಕಟ್ಟಡವಿದೆ. ತುಂಬ ಹೋಟೆಲು, ಅಂಗಡಿ. ರಾತ್ರಿ ದೀಪ ಹಚ್ಚಿದಾಗ ಅದನ್ನು ನೋಡಲು ಎದುರಿನ ಸೇತುವೆಯ ಮೇಲೆ ಎಷ್ಟು ಜನ ಸೇರುತ್ತಾರೆಂದರೆ, ದೊಡ್ಡ ರಜೆಗಳಲ್ಲಿ ನಗರಾಡಳಿತ ಸೇತುವೆಯಲ್ಲಿ ವಾಹನಗಳನ್ನೇ ನಿಲ್ಲಿಸಿ ಪೂರ್ತಿ ಜನರಿಗೆ ಬಿಟ್ಟುಕೊಡುತ್ತದೆ. ಅಲ್ಲಿ ಮನುಷ್ಯರ ರಾತ್ರಿಗಾಗಿ ವಾಹನ ನಿಂತವು. ಇಲ್ಲಿ ನಿಂತದ್ದು ಇನ್ನೊಬ್ಬರ ರಾತ್ರಿಗಾಗಿ, ಮತ್ತು ಆ ಇನ್ನೊಬ್ಬರ ಊಟದ ಲೆಕ್ಕ ನಮ್ಮದಕ್ಕಿಂತ ದೊಡ್ಡದು.

2023ರ ಗಣತಿಯಲ್ಲಿ ಬಂಡೀಪುರವೊಂದರಲ್ಲೇ 1,116 ಆನೆಗಳು ಎಂದು ಅಂದಾಜಾಯಿತು. ಬೆಳೆದ ಆನೆಯೊಂದು ದಿನಕ್ಕೆ 150 ಕಿಲೋ ಮೇವು ತಿನ್ನುತ್ತದೆ ಎನ್ನುವುದು ಜುಗ್ಗತನದ ಲೆಕ್ಕ. ಮರಿಗಳನ್ನೂ ಸೇರಿಸಿ ಸರಾಸರಿ ಅಷ್ಟೇ ಇರಲಿ. ದಿನಕ್ಕೆ 167 ಟನ್. ಹಗಲು ರಾತ್ರಿ ಒಂದೇ ಸಮ ತಿನ್ನುತ್ತವೆ ಎಂದುಕೊಂಡರೆ, ಗೇಟು ಮುಚ್ಚಿದ ಒಂಬತ್ತು ಗಂಟೆಗಳ ಪಾಲು ಸುಮಾರು 63 ಟನ್. ಈ ಕಡೆ ಮಿತಿಯೊಳಗಿನ 24,000 ಪ್ರವಾಸಿಗರು ತಲೆಗೆ ಅರ್ಧ ಕಿಲೋದಂತೆ ಭರ್ಜರಿಯಾಗಿ ಉಂಡರೂ 12 ಟನ್. ಮಿತಿ ಇಲ್ಲದ ಕಾಲದ 93,000 ಜನ ಉಂಡರೂ 47 ಟನ್ ದಾಟುವುದಿಲ್ಲ. ಅಡುಗೆಯವನಿಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಘಾಟಿ ಹತ್ತುವ ಲಾರಿ ಇಲ್ಲ. ನೀಲಗಿರಿಯ ತಪ್ಪಲಿನ ಅತಿ ದೊಡ್ಡ ರಾತ್ರಿ ಊಟ ನಡೆಯುವುದು ನಾವು ಇಲ್ಲದ ಕಡೆ. ಜಿಂಕೆ, ಕಾಡೆಮ್ಮೆಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಆ ಊಟದ ಒಂದು ಸಣ್ಣ ಪಂಕ್ತಿಯನ್ನು ನೋಡುವ ಅವಕಾಶ ಪ್ರವಾಸಿಗನಿಗೂ ಇದೆ. ಮೊಯಾರ್ ನದಿಯ ದಡದ ತೆಪ್ಪಕಾಡು ಆನೆ ಶಿಬಿರದಲ್ಲಿ ಸಂಜೆ ಐದೂವರೆ, ಆರರ ಹೊತ್ತಿಗೆ ಸಾಕಾನೆಗಳಿಗೆ ಬಡಿಸುತ್ತಾರೆ. 'ದಿ ಎಲಿಫೆಂಟ್ ವಿಸ್ಪರರ್ಸ್' ಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂದ ಮೇಲೆ ಅದರಲ್ಲಿ ಕಾಣುವ ಮಾವುತ ದಂಪತಿ ಬೊಮ್ಮನ್, ಬೆಳ್ಳಿ ಹೆಸರು ಹೇಳಿಕೊಂಡು ಬರುವವರು ಹೆಚ್ಚಾದರು. ಅಲ್ಲಿನ ಅಡುಗೆಮನೆಯ ಕಟ್ಟೆಯ ಮೇಲೆ ಬೇಯಿಸಿದ ರಾಗಿ, ಹುರುಳಿ, ಅನ್ನ ಸಾಲಾಗಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಬೆಲ್ಲ, ಉಪ್ಪು, ತೆಂಗಿನಕಾಯಿ. ಯಾವ ಆನೆಗೆ ಯಾವುದು ಎಷ್ಟು ಎಂದು ವಯಸ್ಸು, ತೂಕ ನೋಡಿ ವೈದ್ಯರು ಗೊತ್ತುಮಾಡಿರುತ್ತಾರೆ. ಮಾವುತ ಎಲ್ಲವನ್ನೂ ಕಲಸಿ, ಎರಡು ಕೈ ತುಂಬುವ ಮುದ್ದೆ ಕಟ್ಟುತ್ತಾನೆ. ಆನೆ ಸೊಂಡಿಲು ಎತ್ತಿ ಬಾಯಿ ತೆರೆದು ನಿಲ್ಲುತ್ತದೆ. ಮುದ್ದೆ ನೇರ ನಾಲಿಗೆಯ ಮೇಲೆ. ಅಗಿಯುವ ಗೋಜೂ ಹೆಚ್ಚಿಲ್ಲ, ಮಂಡ್ಯದವರು ಮೆಚ್ಚಬೇಕು.

"ಅಣ್ಣಾ, ಇದಕ್ಕೆ ಇಷ್ಟೇ ಸಾಕಾ?" ಎಂದು ಯಾರೋ ಕೇಳಿಯೇ ಕೇಳುತ್ತಾರೆ.

"ಇದು ಬರೀ ತಿಂಡಿ ಸ್ವಾಮಿ. ಊಟ ಕಾಡಲ್ಲಿ" ಎಂಬ ಉತ್ತರ ಸಿದ್ಧವಿರುತ್ತದೆ.

ಅದು ನಿಜ. ಬಡಿಸಿದ್ದು ತಿಂದ ಮೇಲೆ ಸೊಪ್ಪು, ಹುಲ್ಲು, ಮರದ ತೊಗಟೆ ಬೇರೆ. ಕಾಡಿನ ಆನೆಗಳಿಗಂತೂ ಮುದ್ದೆ ಕಟ್ಟುವವರಿಲ್ಲ. ಒಂದು ಕಡೆ ಮೇದು ಇನ್ನೊಂದು ಕಡೆ ನೀರಿಗೆ ಇಳಿಯಬೇಕು. ಆ ಓಡಾಟದ ದಾರಿ ಮಸಿನಗುಡಿ, ಸೀಗೂರು ಪ್ರಸ್ಥಭೂಮಿಯಲ್ಲಿ ಕೆಲವೆಡೆ ತೀರ ಕಿರಿದು. ಅಲ್ಲೇ ನಾವು ಸಂಜೆಯ ಮನರಂಜನೆಯನ್ನು ತಂದು ಕೂರಿಸಿದ್ದೆವು: ಬೆಂಕಿ ಹಾಕಿ ಸುತ್ತ ಕೂರುವುದು, ಸ್ಪೀಕರ್, ಬಾರ್ಬೆಕ್ಯೂ, ರಾತ್ರಿ ಜೀಪು ಹತ್ತಿಸಿ ಪ್ರಾಣಿ ತೋರಿಸುತ್ತೇವೆಂಬ ಆಸೆ. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಜಿಲ್ಲಾಡಳಿತ ಆನೆ ಪಥದ 27 ರೆಸಾರ್ಟುಗಳಿಗೆ ಬೀಗ ಹಾಕಿತು. 2020ರ ಅಕ್ಟೋಬರ್‌ನಲ್ಲಿ ಕೋರ್ಟ್ ಆನೆ ಪಥವನ್ನು ಎತ್ತಿಹಿಡಿಯಿತು. ಅದಾಗಿ ಮೂರೇ ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯಲ್ಲಿ ವಸತಿಗೃಹವೊಂದರ ಬಳಿ ಬಂದ ಗಂಡಾನೆಯ ಮೇಲೆ ಉರಿಯುವ ವಸ್ತು ಎಸೆದರು. ಕಿವಿಗೆ ಬೆಂಕಿ ಅಂಟಿಕೊಂಡು ಆನೆ ಕತ್ತಲಲ್ಲಿ ಓಡುವ ವಿಡಿಯೊ ಆಮೇಲೆ ಹೊರಬಂತು. ಅಷ್ಟರೊಳಗೆ ಆನೆ ಸತ್ತಿತ್ತು. ಅರವತ್ತಮೂರು ಟನ್ನು, ತೊಂಬತ್ತು ಸಾವಿರ ಎಂದೆಲ್ಲ ಗುಣಿಸುವಾಗ ಸಿಗುವ ಖುಷಿ ಈ ಒಂದರ ಮುಂದೆ ನಿಂತುಹೋಗುತ್ತದೆ.

ರಾತ್ರಿ ಬಂದ್ ತೆಗೆಯಬೇಕು ಎಂಬ ಕೂಗು ಆಗಾಗ ಏಳುತ್ತದೆ. ವ್ಯಾಪಾರಿಗಳದ್ದೂ ಇದೆ, ರಾಜಕಾರಣಿಗಳದ್ದೂ ಇದೆ. ನಾನು ಗೇಟಿನ ಪರ. ಬೇಕಿದ್ದರೆ ಸಂಜೆಯನ್ನು ಹಿಂದಕ್ಕೆ ತಳ್ಳಬಹುದು. ಸಸ್ಯೋದ್ಯಾನ ಬೆಳಿಗ್ಗೆ ಮುಗಿಸಿ, ಊಟಿಯಲ್ಲಿ ಮಧ್ಯಾಹ್ನವೇ ಚೆನ್ನಾಗಿ ಉಂಡು, ಮೂರಕ್ಕೆ ಹೊರಟರೆ ಆನೆಗಳ ಪಂಕ್ತಿಗೆ ಸರಿಯಾಗಿ ತೆಪ್ಪಕಾಡು ಸಿಗುತ್ತದೆ, ಎಂಟಕ್ಕೆ ಗುಂಡ್ಲುಪೇಟೆಯಲ್ಲಿ ಇಡ್ಲಿಯೂ ಸಿಗುತ್ತದೆ. ಗೇಟು ತಪ್ಪಿತೋ, ತೊರಪಳ್ಳಿಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಗಾಡಿ ತಿರುಗಿಸಿ ಗೂಡಲೂರಿಗೆ ಬನ್ನಿ. ಮಲಯಾಳಿ ಹೋಟೆಲುಗಳಲ್ಲಿ ಪೊರೋಟ ಕಲ್ಲಿನ ಮೇಲೆ ಇರುತ್ತದೆ, ಬಿಲ್ಲು ಬರೆಯುವವರು ತಮಿಳು, ಕನ್ನಡ, ಮಲಯಾಳ ಮೂರರಲ್ಲೂ ಬೈಯಬಲ್ಲರು, ಮತ್ತು ಗೂಡಲೂರು ಊಟಿಗಿಂತ ಸಾವಿರ ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವುದರಿಂದ ಸಾಂಬಾರಿನ ಬೇಳೆಯೂ ಬೆಂದಿರುತ್ತದೆ.